ನಾನು–ನೀನು ಅದಲುಬದಲು: ಆಟಿಸಂ ಇರುವ ಮಗುವಿನ ಮಾತು ಮತ್ತು ಮನೆಯ ಕನ್ನಡ

ಬಾಯಾರಿದ ನಾಲ್ಕು ವರ್ಷದ ಮಗುವೊಂದು ತಾಯಿಯ ಸೆರಗು ಹಿಡಿದು "ನಿಂಗೆ ನೀರು ಬೇಕಾ?" ಎಂದು ಕೇಳುತ್ತದೆ. ತಾಯಿ "ನಂಗೆ ಬೇಡಪ್ಪಾ" ಎಂದು ತನ್ನ ಕೆಲಸಕ್ಕೆ ತಿರುಗುತ್ತಾಳೆ. ಮಗು ಅದನ್ನೇ, ಅದೇ ರಾಗದಲ್ಲಿ ಮತ್ತೊಮ್ಮೆ ಕೇಳುತ್ತದೆ. ಮೂರನೆಯ ಸಲ ಅಳುತ್ತದೆ. ನೀರು ಬೇಕಾಗಿದ್ದುದು ಮಗುವಿಗೆ. ಅಕ್ಕಲಕೋಟೆಯ ಮನೆಯಲ್ಲಾದರೆ ಆ ಪ್ರಶ್ನೆ "ನಿನಗ ನೀರ ಬೇಕೇನ?" ಎಂದಿರಬಹುದು, ಅಷ್ಟೇ ವ್ಯತ್ಯಾಸ. ಆಟಿಸಂ ಅಥವಾ ಸ್ವಲೀನತೆ ಇರುವ, ಮಾತು ಬಂದಿರುವ ಮಕ್ಕಳಲ್ಲಿ ಹಲವರು ಕೆಲವು ಕಾಲ ಹೀಗೆ 'ನಾನು' ಎನ್ನಬೇಕಾದಲ್ಲಿ 'ನೀನು' ಎನ್ನುತ್ತಾರೆ, ಇಲ್ಲವೇ ತಮ್ಮನ್ನು ಹೆಸರಿನಿಂದಲೇ ಕರೆದುಕೊಳ್ಳುತ್ತಾರೆ.

ಗಡಿನಾಡಿನ ಕನ್ನಡ ಮನೆಗಳಲ್ಲಿ ಇದಕ್ಕೆ ಮೊದಲು ಸಿಗುವ ವಿವರಣೆ ಭಾಷೆಗಳ ಮೇಲೆಯೇ ಹೋಗಿ ನಿಲ್ಲುತ್ತದೆ. ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳಂ, ಟಿ.ವಿ.ಯಲ್ಲಿ ಹಿಂದಿ, ಪಾಪ, ಮಗುವಿಗೆ ಗೊಂದಲವಾಗಿದೆ ಎನ್ನುತ್ತಾರೆ ನೆಂಟರು. ಅದರ ಹಿಂದೆಯೇ ಸಲಹೆಯೂ ಬರುತ್ತದೆ: ಒಂದೇ ಭಾಷೆ ಸಾಕು, ಕನ್ನಡ ಬಿಡಿ, ಶಾಲೆ ಬದಲಿಸಿ. ಹೇಳುವವರು ನೆಂಟರೇ ಆಗಬೇಕೆಂದಿಲ್ಲ. ಬಿಳಿಯ ಕೋಟು ಧರಿಸಿದವರೂ ಹೇಳುವುದುಂಟು. ಈ ವಿವರಣೆಯೂ ಸಲಹೆಯೂ ಎರಡೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಏಕೆ ಸರಿಯಲ್ಲ ಎಂಬುದನ್ನು ಸರ್ವನಾಮದ ಸ್ವಭಾವದಿಂದಲೇ ಆರಂಭಿಸಿ ವಿವರಿಸುವುದು ಸೂಕ್ತ.

'ತಟ್ಟೆ' ಎಂಬ ಪದ ಯಾರ ಬಾಯಲ್ಲಿ ಬಂದರೂ ತಟ್ಟೆಯೇ. 'ನಾನು' ಹಾಗಲ್ಲ. ಅಜ್ಜಿ ಹೇಳಿದಾಗ ಅದು ಅಜ್ಜಿ, ಅಣ್ಣ ಹೇಳಿದಾಗ ಅಣ್ಣ. ಎಲ್ಲರೂ ತನ್ನನ್ನು 'ನೀನು' ಎಂದೇ ಕರೆಯುವುದನ್ನು ಕೇಳುತ್ತಾ ಬೆಳೆಯುವ ಮಗು, ಬಾಯಿ ತೆರೆದೊಡನೆ ಆ ಪದವನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಅದಕ್ಕಾಗಿ ಈಗ ಮಾತಾಡುತ್ತಿರುವವರು ಯಾರು, ಕೇಳುತ್ತಿರುವವರು ಯಾರು ಎಂಬುದನ್ನು ಪ್ರತಿ ಕ್ಷಣವೂ ಗಮನಿಸುತ್ತಿರಬೇಕು. ಎಲ್ಲ ಮಕ್ಕಳೂ ಇದನ್ನು ಕಲಿಯಬೇಕಾದವರೇ. ಎರಡು ವರ್ಷದ ಆಸುಪಾಸಿನಲ್ಲಿ ಅನೇಕ ಮಕ್ಕಳು ತಪ್ಪುತ್ತಾರೆ. ಮೂರು ವರ್ಷ ತುಂಬುವ ಹೊತ್ತಿಗೆ ಬಹುತೇಕ ಸರಿಹೋಗುತ್ತದೆ. ಆದುದರಿಂದ ಎರಡು ವರ್ಷದ ಮಗು 'ನಾನು–ನೀನು' ತಪ್ಪಿತೆಂದು ಯಾರೂ ಗಾಬರಿಪಡಬೇಕಾಗಿಲ್ಲ. ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳಲ್ಲಿಯೂ ಈ ಕಲಿಕೆ ನಿಧಾನವಾಗಬಹುದು. ಯಾರು ಯಾರ ಕಡೆ ತಿರುಗಿ ಮಾತಾಡುತ್ತಿದ್ದಾರೆ ಎಂಬುದು ಕಾಣದಿದ್ದಾಗ ಸರ್ವನಾಮದ ಲೆಕ್ಕ ಹಿಡಿಯುವುದು ಕಷ್ಟ.

ಆಟಿಸಂ ಇರುವ ಮಕ್ಕಳ ಈ ಮಾತಿನ ರೀತಿಯನ್ನು ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಬಾಲ್ಟಿಮೋರಿನಲ್ಲಿ ತಾನು ಕಂಡ 11 ಮಕ್ಕಳ ಕುರಿತು 1943ರಲ್ಲಿ ಬರೆದ ಪ್ರಬಂಧದಲ್ಲಿಯೇ ದಾಖಲಿಸಿದ್ದಾನೆ. ಅವರಲ್ಲಿ ಮೊದಲನೆಯವನಾದ ಡೊನಾಲ್ಡ್ ಎಂಬ ಹುಡುಗ ಸ್ನಾನ ಬೇಕೆನಿಸಿದಾಗ 'ನಿನಗೆ ಸ್ನಾನ ಬೇಕಾ' ಎಂಬರ್ಥದ ಪ್ರಶ್ನೆಯನ್ನೇ ಕೇಳುತ್ತಿದ್ದ. ತಾಯಿ ತನಗೆ ಹೇಳುತ್ತಿದ್ದ ವಾಕ್ಯವನ್ನು ಅವಳ ದನಿಯ ಏರಿಳಿತದೊಂದಿಗೆ ಇಡಿಯಾಗಿ ಎತ್ತಿಕೊಂಡು, ಅಗತ್ಯ ಬಂದಾಗ ಹಾಗೆಯೇ ಬಳಸುತ್ತಿದ್ದ. ಸುಮಾರು ಆರನೆಯ ವಯಸ್ಸಿನ ಹೊತ್ತಿಗೆ ಈ ಮಕ್ಕಳು ಮೆಲ್ಲಗೆ 'ನಾನು' ಎನ್ನಲು ಕಲಿಯುತ್ತಾರೆ ಎಂದೂ ಕ್ಯಾನರ್ ಗುರುತಿಸಿದ್ದ. ಡೊನಾಲ್ಡ್ ಟ್ರಿಪ್ಲೆಟ್ ಮುಂದೆ ಕಾಲೇಜು ಓದಿದ, ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ದೇಶವಿದೇಶ ಸುತ್ತಿ 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಆತನ ಬಾಲ್ಯದಲ್ಲಿ ಅನೇಕ ಭಾಷೆಗಳ ಗೊಂದಲವೇನೂ ಇರಲಿಲ್ಲ. ಮಿಸಿಸಿಪಿಯ ಒಂದು ಸಣ್ಣ ಊರಿನ ಇಂಗ್ಲಿಷ್ ಮನೆ ಅದು. 'ಭಾಷೆ ಹೆಚ್ಚಾದುದರಿಂದ ಹೀಗಾಯಿತು' ಎನ್ನುವವರಿಗೆ ಈ ಒಂದು ಸಂಗತಿಯನ್ನಾದರೂ ನೆನಪಿಸಬಹುದು.

ನಡುವೆ ಒಂದು ಕೆಟ್ಟ ಕಾಲವೂ ಬಂದುಹೋಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬಾತ, ಮಗು 'ನಾನು' ಎನ್ನದಿರುವುದು ತನ್ನ ಇರವನ್ನೇ ನಿರಾಕರಿಸುವುದರ ಗುರುತೆಂದು ವಾದಿಸಿ, ಅದರ ಹೊಣೆಯನ್ನು ತಾಯಿಯ ಮೇಲೆ ಹೊರಿಸಿದ. ಆ ವಾದ ನಿಲ್ಲಲಿಲ್ಲ. 1974ರಲ್ಲಿ ಲಂಡನ್ನಿನ ಲಾರೆನ್ಸ್ ಬಾರ್ಟಕ್ ಮತ್ತು ಮೈಕೆಲ್ ರಟರ್ ಇದನ್ನು ಪರೀಕ್ಷೆಗೆ ಒಡ್ಡಿದರು. ವಾಕ್ಯದ ಕೊನೆಯಲ್ಲಿ ಬರುವ ಪದವನ್ನು ಮಕ್ಕಳು ಹೆಚ್ಚು ಪುನರುಚ್ಚರಿಸುತ್ತಾರೆ. ಆ ಕೊನೆಯ ಪದ 'ನಾನು' ಎಂಬರ್ಥದ್ದೇ ಆಗಿದ್ದರೂ ಅದನ್ನು ಆಡಲು ಅವರಿಗೆ ಹಿಂಜರಿಕೆಯಿಲ್ಲ ಎಂಬುದು ತಿಳಿದುಬಂತು. ಅಂದರೆ ಮಗು 'ನಾನು' ಎಂಬುದನ್ನು ದ್ವೇಷಿಸುತ್ತಿಲ್ಲ, ಕೇಳಿದ್ದನ್ನು ಮರುನುಡಿಯುತ್ತಿದೆ. ತಾಯಿಯನ್ನು ದೂರುವ ಚಾಳಿ ಮಾತ್ರ ನಮ್ಮಲ್ಲಿ ಇನ್ನೂ ಹೋಗಿಲ್ಲ. 'ಅವಳು ಮಗುವನ್ನು ಮಾತಾಡಿಸಲಿಲ್ಲ' ಎಂಬ ಮಾತು ಕೇಳದ ಮನೆ ಅಪರೂಪ.

ಮರುನುಡಿಯೇ ಎಲ್ಲವೂ ಅಲ್ಲ. ಅಮೆರಿಕದ ಸಂಜ್ಞಾಭಾಷೆಯಲ್ಲಿ 'ನಾನು' ಎನ್ನಲು ತನ್ನೆಡೆಗೆ ಬೆರಳು ತೋರಿದರಾಯಿತು, 'ನೀನು' ಎನ್ನಲು ಎದುರಿನವರ ಕಡೆಗೆ. ಇದಕ್ಕಿಂತ ಸ್ಪಷ್ಟವಾದ ಸರ್ವನಾಮ ಇರಲಾರದು. ಆದರೂ ಕಿವುಡ ತಂದೆತಾಯಿಯರಿಂದ ಹುಟ್ಟಿನಿಂದಲೇ ಆ ಭಾಷೆ ಕಲಿತ, ಆಟಿಸಂ ಇರುವ ಕಿವುಡ ಮಕ್ಕಳು ಬೆರಳು ತೋರುವುದನ್ನು ಬಿಟ್ಟು ಹೆಸರಿನ ಸಂಜ್ಞೆಯನ್ನೇ ಹೆಚ್ಚು ಬಳಸುತ್ತಾರೆಂದು ಆರನ್ ಶೀಲ್ಡ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಹೆಸರು ಬದಲಾಗುವುದಿಲ್ಲ, ಸರ್ವನಾಮ ಬದಲಾಗುತ್ತಲೇ ಇರುತ್ತದೆ. ಕಷ್ಟವಿರುವುದು ಪದದ ರೂಪದಲ್ಲಿ ಅಲ್ಲ, ಮಾತಿನ ಪಾತ್ರಗಳು ಕ್ಷಣಕ್ಷಣಕ್ಕೂ ಅದಲುಬದಲಾಗುವುದನ್ನು ಹಿಂಬಾಲಿಸುವುದರಲ್ಲಿ. ಈ ಕಷ್ಟವನ್ನು ಕನ್ನಡ ತಂದುದಲ್ಲ, ಮಲಯಾಳಂ ತಂದುದಲ್ಲ, ಮರಾಠಿಯೂ ಅಲ್ಲ.

ಆದರೆ ಈ ಕಷ್ಟ ಕನ್ನಡದಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದು ಪೋಷಕರು ತಿಳಿದಿರಬೇಕಾದ ವಿಷಯ. ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳು ಇದನ್ನು ಹೇಳುವುದಿಲ್ಲ.

ಕನ್ನಡದಲ್ಲಿ ಸರ್ವನಾಮವನ್ನು ಆಡದೆಯೂ ದಿನ ಕಳೆಯಬಹುದು. 'ಬರ್ತೀನಿ' ಎಂದರೆ ಸಾಕು, 'ನಾನು' ಬೇಕಿಲ್ಲ. ಪುರುಷವನ್ನು ತಿಳಿಸುವ ಪ್ರತ್ಯಯ ಕ್ರಿಯಾಪದದ ಬಾಲದಲ್ಲಿದೆ, ಕ್ರಿಯಾಪದ ವಾಕ್ಯದ ಕೊನೆಯಲ್ಲಿದೆ. ಮರುನುಡಿಯುವ ಮಗು ಹಿಡಿದುಕೊಳ್ಳುವುದು ಆ ಕೊನೆಯನ್ನೇ. "ಊಟ ಮಾಡ್ತೀಯಾ?" ಎಂದು ಕೇಳಿದರೆ "ಮಾಡ್ತೀಯಾ" ಎನ್ನುತ್ತದೆ. ಮಗುವಿನ ಮಾತಿನಲ್ಲಿ 'ನೀನು' ಎಂಬ ಪದ ಒಮ್ಮೆಯೂ ಕೇಳಿಬರದಿದ್ದರೂ ಅದಲುಬದಲು ಆಗಿಯೇ ಇರುತ್ತದೆ. ಕನ್ನಡ ಬಾರದ ಪರೀಕ್ಷಕರಿಗೆ ಇದು ಕಾಣುವುದೇ ಇಲ್ಲ.

ಭೂತಕಾಲದಲ್ಲಿ ಇನ್ನೊಂದು ವಿಚಿತ್ರವಿದೆ. ಇಂದಿನ ಬರಹದ ಕನ್ನಡದಲ್ಲಿ 'ನಾನು ಬಿದ್ದೆ' ಎಂಬುದೂ 'ನೀನು ಬಿದ್ದೆ' ಎಂಬುದೂ ಒಂದೇ ರೂಪ. ಸೊಲ್ಲಾಪುರ, ಜತ್ತದ ಕಡೆಯ ಮಾತಿನಲ್ಲಿ 'ನಾ ಬಿದ್ದೆ', 'ನೀ ಬಿದ್ದಿ' ಎಂಬ ಭೇದ ಉಳಿದಿದೆ. ಹೀಗಾಗಿ ಒಂದೇ ಮಗು ಭೂತಕಾಲದಲ್ಲಿ ಸರಿಯಾಗಿ ಮಾತಾಡಿದಂತೆ ಕೇಳಿಸಿ, ವರ್ತಮಾನ ಹಾಗೂ ಭವಿಷ್ಯತ್ ಕಾಲಗಳಲ್ಲಿ ಮಾತ್ರ ತಪ್ಪಿದಂತೆ ಕಾಣಬಹುದು. 'ನಿನ್ನೆ ಸರಿಯಾಗಿ ಹೇಳಿದ್ದ, ಇವತ್ತು ಬೇಕೆಂದೇ ಕೆಡಿಸುತ್ತಾನೆ' ಎಂದು ಗದರುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಮೂರನೆಯ ಸಂಗತಿ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕ್ಯಾನರ್ ಕಂಡ ಮಕ್ಕಳು 'ಹೌದು' ಎನ್ನುವ ಬದಲು ಕೇಳಿದ ಪ್ರಶ್ನೆಯನ್ನೇ ಮರುನುಡಿಯುತ್ತಿದ್ದರು. ಇಂಗ್ಲಿಷಿನ ಕಿವಿಗೆ ಅದು ಬಹಳ ವಿಲಕ್ಷಣ. ಆದರೆ ಕನ್ನಡಿಗರೆಲ್ಲರೂ ದಿನವಿಡೀ ಹಾಗೆಯೇ ಉತ್ತರಿಸುತ್ತೇವಲ್ಲವೆ? "ಬೇಕಾ?" "ಬೇಕು." "ಸಾಕಾ?" "ಸಾಕು." "ಗೊತ್ತಾ?" "ಗೊತ್ತು." ಇಲ್ಲಿ ಮರುನುಡಿಗೂ ಸರಿಯಾದ ಉತ್ತರಕ್ಕೂ ನಡುವೆ ಇರುವುದು ಒಂದು ಸ್ವರದ ಅಂತರ ಮಾತ್ರ. ಇನ್ನೂ ಒಂದು ಅನುಕೂಲವೆಂದರೆ ಬೇಕು, ಬೇಡ, ಸಾಕು, ಗೊತ್ತು, ಇಷ್ಟ ಎಂಬ ಮಾತುಗಳಿಗೆ ಪುರುಷಭೇದವೇ ಇಲ್ಲ. ನನಗೂ ಬೇಕು, ನಿನಗೂ ಬೇಕು, ಅವನಿಗೂ ಬೇಕು. 'ನಾನು' ಎಂಬುದು ಇನ್ನೂ ಕೈಗೆ ಸಿಗದ ಮಗು ಕೂಡ ತನ್ನ ಮನಸ್ಸನ್ನು ತಪ್ಪಿಲ್ಲದೆ ತಿಳಿಸಲು ಕನ್ನಡ ತೆರೆದಿಟ್ಟಿರುವ ಬಾಗಿಲು ಇದು. ಸರ್ವನಾಮವನ್ನು ತಿದ್ದಲು ಹೊರಡುವ ಮೊದಲು ಬೇಕು–ಬೇಡ–ಸಾಕುಗಳನ್ನು ಗಟ್ಟಿಮಾಡಿಕೊಳ್ಳುವುದು ಜಾಣತನವೆಂದು ನಾವು ಭಾವಿಸುತ್ತೇವೆ.

ನಮ್ಮ ಮನೆಗಳ ಅಕ್ಕರೆಯ ಮಾತೂ ಈ ಲೆಕ್ಕವನ್ನು ಸ್ವಲ್ಪ ತೊಡಕುಗೊಳಿಸುತ್ತದೆ. "ಅಮ್ಮ ಈಗ ಬರ್ತಾಳೆ, ಪುಟ್ಟ ಇಲ್ಲೇ ಕೂತಿರ್ತಾನೆ" ಎನ್ನುವ ತಾಯಿ ತನ್ನನ್ನೂ ಮಗುವನ್ನೂ ಪ್ರಥಮ ಪುರುಷದಲ್ಲಿ ಹೇಳಿದ್ದಾಳೆ. ಮಗನನ್ನು "ಬಾರಪ್ಪಾ" ಎಂದೂ ಮಗಳನ್ನು "ಬಾರಮ್ಮಾ" ಎಂದೂ ಕರೆಯುವ ನಾಡು ನಮ್ಮದು. ಇದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಹೆಸರು ಮಗುವಿಗೆ ಸುಲಭ; ಆದರೆ ಹೆಸರಿನ ಪಕ್ಕದಲ್ಲಿ ಸರ್ವನಾಮವನ್ನೂ ಇಡಬೇಕು ಎಂಬುದಷ್ಟೇ ನಮ್ಮ ಸೂಚನೆ.

ನೆರೆಯ ಭಾಷೆಗಳ ವ್ಯವಸ್ಥೆ ಬೇರೆ. ಮಲಯಾಳಂನಲ್ಲಿ ಕ್ರಿಯಾಪದಕ್ಕೆ ಪುರುಷದ ಪ್ರತ್ಯಯವೇ ಇಲ್ಲ: ಞಾನ್ ವನ್ನು, ನೀ ವನ್ನು, ಅವನ್ ವನ್ನು. ಮರಾಠಿಯಲ್ಲಿ 'ನಾನು ಹೋಗುತ್ತೇನೆ' ಎನ್ನಲು ಹುಡುಗ 'ಮೀ ಜಾತೋ' ಎನ್ನಬೇಕು, ಹುಡುಗಿ 'ಮೀ ಜಾತೇ' ಎನ್ನಬೇಕು. ತಾಯಿಯ ವಾಕ್ಯವನ್ನು ಮರುನುಡಿಯುವ ಹುಡುಗನಿಂದ 'ಜಾತೇ' ಬರುವುದು ಸಹಜ. ತಮಿಳಿನ ನಾಮ್–ನಾಂಗಳ್, ತೆಲುಗಿನ ಮನಂ–ಮೇಮು, ತುಳುವಿನ ನಮ–ಎಂಕುಳು, ಇವುಗಳಲ್ಲಿ ಕೇಳುವವರನ್ನು ಸೇರಿಸಿಕೊಂಡ 'ನಾವು' ಬೇರೆ, ಬಿಟ್ಟ 'ನಾವು' ಬೇರೆ. ಕನ್ನಡದ ಶಿಷ್ಟರೂಪದಲ್ಲಿ ಎರಡಕ್ಕೂ ಒಂದೇ ಪದ. ಕಾಸರಗೋಡಿನ ಹವ್ಯಕ ಮನೆಯ ಮಗು ಮನೆಯಲ್ಲಿ 'ಆನು, ಎನಗೆ' ಕೇಳಿ ಶಾಲೆಯಲ್ಲಿ 'ನಾನು, ನನಗೆ' ಕೇಳುತ್ತದೆ. ಮಗುವಿನ ಒಂದು ಭಾಷೆಯಲ್ಲಿ ತಪ್ಪು ಕಾಣಿಸಿ ಇನ್ನೊಂದರಲ್ಲಿ ಕಾಣಿಸದಿದ್ದರೆ ಅದಕ್ಕೆ ಭಾಷೆಗಳ ಈ ರಚನೆಯೂ ಕಾರಣವಾಗಿರಬಹುದು. 'ಕನ್ನಡದಲ್ಲಿಯೇ ಮಗು ಹಿಂದೆ' ಎಂಬ ತೀರ್ಮಾನಕ್ಕೆ ಜಿಗಿಯಬಾರದು.

ಹಾಗಾದರೆ ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದು ಆಟಿಸಂ ಇರುವ ಮಗುವಿಗೆ ಹಾನಿಯೆ? ಕೆನಡಾದಲ್ಲಿ ಕ್ಯಾಥರೀನ್ ಹ್ಯಾಂಬ್ಲಿ ಮತ್ತು ಎರಿಕ್ ಫೊಂಬೋನ್ 2012ರಲ್ಲಿ ಇದನ್ನೇ ಪರಿಶೀಲಿಸಿದರು. ಎರಡು ಭಾಷೆಗಳ ಪರಿಸರದಲ್ಲಿ ಬೆಳೆದ ಆಟಿಸಂ ಇರುವ ಮಕ್ಕಳಿಗೆ, ಒಂದೇ ಭಾಷೆಯಲ್ಲಿ ಬೆಳೆದ ಅಂಥದೇ ಮಕ್ಕಳಿಗಿಂತ ಮಾತಿನಲ್ಲಿ ಹೆಚ್ಚುವರಿ ಹಿನ್ನಡೆ ಅವರಿಗೆ ಕಂಡುಬರಲಿಲ್ಲ. ಅದೇ ಕಾಲದಲ್ಲಿ ನಡೆದ ಬೇರೆ ಅಧ್ಯಯನಗಳ ಫಲಿತಾಂಶವೂ ಇದೇ ದಿಕ್ಕಿನದು. ಮನೆಮಾತನ್ನು ಬಿಟ್ಟರೆ ಮಗುವಿನ ಮಾತು ಬೇಗ ಬರುತ್ತದೆ ಎನ್ನುವ ಸಲಹೆಗೆ ಈ ಸಂಶೋಧನೆಗಳಲ್ಲಿ ಆಧಾರವಿಲ್ಲ.

ಬಿಟ್ಟಾಗ ಆಗುವ ನಷ್ಟವಂತೂ ಕಣ್ಣಿಗೆ ಕಾಣುವಂಥದು. ಮಗುವಿನೊಡನೆ ಇಡೀ ದಿನ ಇರುವವರು ಅಜ್ಜ ಅಜ್ಜಿ. ಅವರಿಗೆ ಬರುವುದು ಕನ್ನಡ. ತಂದೆತಾಯಿ ಕಷ್ಟಪಟ್ಟು ಆಡುವ ಅರೆಬರೆ ಇಂಗ್ಲಿಷಿನಲ್ಲಿ 'ಕಮ್, ಸಿಟ್, ಈಟ್' ಎಂಬ ಆಜ್ಞೆಗಳು ಉಳಿಯುತ್ತವೆ. ಕೀಟಲೆ, ಮುದ್ದು, ಕತೆ, ಜಗಳ ಎಲ್ಲವೂ ಕನ್ನಡದಲ್ಲಿಯೇ, ಮಗುವಿನ ತಲೆಯ ಮೇಲಿಂದ ಹಾದುಹೋಗುತ್ತವೆ. ಮಾತಿನ ಪಾತ್ರಗಳನ್ನು ಹಿಂಬಾಲಿಸುವುದೇ ಕಷ್ಟವಾಗಿರುವ ಮಗುವನ್ನು ಮನೆಯ ಮಾತುಕತೆಯಿಂದಲೇ ಹೊರಗಿಟ್ಟಂತಾಯಿತು. ಅದರಲ್ಲಿಯೂ ಸರ್ವನಾಮಗಳನ್ನು ಮಕ್ಕಳು ತಮ್ಮೊಡನೆ ಆಡಿದ ಮಾತಿನಿಂದ ಮಾತ್ರವಲ್ಲ, ಇತರರು ತಮ್ಮತಮ್ಮಲ್ಲಿ ಆಡುವ ಮಾತನ್ನು ಕೇಳಿಯೂ ಕಲಿಯುತ್ತಾರೆಂದು ಯುರಿಕೊ ಓಶಿಮಾ-ತಕಾನೆ 1988ರಲ್ಲಿ ತೋರಿಸಿದ್ದಾರೆ. ಅಜ್ಜಿ "ನಾನು ಎಲೆ ಹಾಕ್ತೇನೆ, ನೀನು ಅನ್ನ ತಾ" ಎಂದು ಅಮ್ಮನಿಗೆ ಹೇಳುವಾಗ, 'ನೀನು' ಎಂಬುದು ತನ್ನ ಹೆಸರಲ್ಲವೆಂಬುದು ಪಕ್ಕದಲ್ಲಿ ಕುಳಿತ ಮಗುವಿಗೆ ತಿಳಿಯಲು ಅವಕಾಶ ಸಿಗುತ್ತದೆ. ಕೂಡುಕುಟುಂಬದ ಗದ್ದಲವನ್ನು ಶಾಪವೆನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ. (ಗದ್ದಲವನ್ನೇ ತಾಳಲಾರದ ಮಕ್ಕಳೂ ಇದ್ದಾರೆ, ಅವರಿಗೆ ಒಬ್ಬಿಬ್ಬರ ಮೆಲುಮಾತು ಸಾಕು.)

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಮಗು "ನಿಂಗೆ ನೀರು ಬೇಕಾ?" ಎಂದಾಗ "ತಪ್ಪು, 'ನಂಗೆ' ಅನ್ನು" ಎಂದು ತಿದ್ದಬೇಡಿ. ಆಗ ಮಗು "ತಪ್ಪು, ನಂಗೆ ಅನ್ನು" ಎಂಬುದನ್ನೇ ಇಡಿಯಾಗಿ ಕಲಿಯುವ ಸಂಭವವಿದೆ. ಮಗು ಏನು ಹೇಳಬೇಕಾಗಿತ್ತೋ ಅದನ್ನು ಮಗುವಿನ ಜಾಗದಲ್ಲಿ ನಿಂತು ನೀವೇ ಹೇಳಿ: ಅದರ ಕೈಯನ್ನು ಅದರ ಎದೆಗೆ ಮೆಲ್ಲಗೆ ತಾಗಿಸಿ "ನಂಗೆ ನೀರು ಬೇಕು" ಎಂದು ಹೇಳಿ, ತಕ್ಷಣ ನೀರು ಕೊಡಿ. ಮುಟ್ಟುವುದನ್ನು ಮಗು ಸಹಿಸದಿದ್ದರೆ ಬೆರಳು ತೋರಿದರೆ ಸಾಕು. ಮಗು ಮರುನುಡಿದರೆ ಒಳ್ಳೆಯದು, ನುಡಿಯದಿದ್ದರೂ ನೀರನ್ನು ತಡೆಹಿಡಿಯಬಾರದು. ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿ. ಪ್ರಶ್ನೆಯೇ ಮರುನುಡಿಯ ಬೀಜ. ಅಣ್ಣನೋ ಅಕ್ಕನೋ ಇದ್ದರೆ ಮೊದಲು ಅವರಿಗೆ ಬಾಳೆಹಣ್ಣು ತೋರಿಸಿ "ಯಾರಿಗೆ ಬೇಕು?" ಎಂದು ಕೇಳಿ, ಅವರು "ನಂಗೆ" ಎಂದು ಕೈಚಾಚಿ ತೆಗೆದುಕೊಳ್ಳುವುದನ್ನು ಮಗು ನೋಡಲಿ. ನಂತರ ಮಗುವಿನ ಸರದಿ. ಮಾತೇ ಬಾರದ ಮಗುವಿಗೆ ಚಿತ್ರದ ಕಾರ್ಡುಗಳನ್ನು ಮಾಡುವುದಾದರೆ ಅದರ ಕೆಳಗೆ ಕನ್ನಡದಲ್ಲಿಯೇ 'ನನಗೆ ಬೇಕು' ಎಂದು ಬರೆಯಿರಿ.

ಶಿಕ್ಷಕರಿಗೂ ಒಂದು ಮಾತು. "ನಿನ್ನ ಹೆಸರೇನು?" ಎಂದು ಕೇಳಿದಾಗ "ನಿನ್ನ ಹೆಸರೇನು" ಎಂದು ಮರುನುಡಿಯುವ ಮಗು ಅಣಕಿಸುತ್ತಿಲ್ಲ. ಹಾಜರಿ ಕರೆದಾಗ ತನ್ನ ಹೆಸರನ್ನೇ ಹೇಳುವ ಮಗು ಪುಂಡಾಟಿಕೆ ಮಾಡುತ್ತಿಲ್ಲ. 'ನೀವು' ಎನ್ನದೆ ಮೇಷ್ಟ್ರನ್ನು 'ನೀನು' ಎಂದರೆ ಅದು ಅವಮರ್ಯಾದೆಯೂ ಅಲ್ಲ. ನಾನು–ನೀನು ನೆಲೆಗೊಂಡ ಮೇಲೆ ಕಲಿಯಬೇಕಾದ ಮುಂದಿನ ಪಾಠ ಅದು. ಇಂಥ ಮಗುವಿಗೆ ಬೆತ್ತ ತೋರಿಸಿದರೆ ಅದು ಕಲಿಯುವುದು ಮೌನವನ್ನು.

ಸರ್ವನಾಮ ತಪ್ಪುವುದೊಂದೇ ಆಟಿಸಂನ ಗುರುತಲ್ಲ. ಆಟಿಸಂ ಇರುವ ಎಲ್ಲ ಮಕ್ಕಳೂ ಹೀಗೆ ತಪ್ಪುವುದಿಲ್ಲ. ಒಂದು ವರ್ಷಕ್ಕೆ ತೊದಲು ಇಲ್ಲದಿದ್ದರೆ, 16 ತಿಂಗಳಿಗೆ ಒಂದೂ ಪದ ಬಾರದಿದ್ದರೆ, ಎರಡು ವರ್ಷಕ್ಕೆ ಎರಡು ಪದಗಳನ್ನು ಜೋಡಿಸದಿದ್ದರೆ, ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ಹೋದರೆ ಕಾಯದೆ ತೋರಿಸಬೇಕು. ಮೊದಲು ಕಿವಿಯ ಪರೀಕ್ಷೆ ಆಗಬೇಕು. ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಮಗುವನ್ನು ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬಲ್ಲರು. ಕನ್ನಡದಲ್ಲಿಯೇ ಪರೀಕ್ಷೆ ಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ತಾಳವಾಡಿ, ವಯನಾಡಿನವರಿಗೆ ಅದು ದೂರವೂ ಅಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಆಟಿಸಂ ಒಂದು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಪ್ರಮಾಣಿತವಾದ, 6ರಿಂದ 18 ವರ್ಷದೊಳಗಿನ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಆಟಿಸಂ ಇರುವ ಮಗುವನ್ನು ಹೊರಗಿಟ್ಟು ಹೇಳಿದ ಮಾತಲ್ಲ ಎಂಬುದು ನಮ್ಮ ತಿಳಿವಳಿಕೆ. ಕನ್ನಡ ಮಾಧ್ಯಮದ ಶಾಲೆ ಇಂಥ ಮಗುವಿಗಾಗಿ ವಿಶೇಷ ಶಿಕ್ಷಕರನ್ನು ಕೇಳುವಾಗ, ಕನ್ನಡ ಬಲ್ಲವರನ್ನೇ ಕೊಡಿ ಎಂದು ಪೋಷಕರ ಸಭೆಯಲ್ಲಿ ಬರೆದು ಕೇಳಬಹುದು, ಕೇಳಬೇಕು.

ಕನ್ನಡ ಬಾರದ ಚಿಕಿತ್ಸಕರ ಬಳಿಗೇ ಹೋಗಬೇಕಾಗಿ ಬಂದರೆ ಒಂದು ನೋಟ್‌ಬುಕ್ ಇಡಿ. ಮಗು ಒಂದು ವಾರದಲ್ಲಿ ಆಡಿದ ವಾಕ್ಯಗಳನ್ನು ಆಡಿದಂತೆಯೇ ಬರೆದು, ಪಕ್ಕದಲ್ಲಿ ಆಗ ಮಗುವಿಗೆ ಏನು ಬೇಕಾಗಿತ್ತು, ಆ ವಾಕ್ಯವನ್ನು ಮೊದಲು ಯಾರು ಯಾವಾಗ ಹೇಳಿದ್ದಿರಬಹುದು ಎಂಬುದನ್ನು ಗುರುತುಹಾಕಿ. 'ಬರ್ತೀಯಾ' ಎಂಬುದಕ್ಕೂ 'ಬರ್ತೀನಿ' ಎಂಬುದಕ್ಕೂ ಇರುವ ಅಂತರವನ್ನು ಅವರಿಗೆ ಬಿಡಿಸಿ ಹೇಳಿ. ಅವರು ಕೊಡುವ ಅಭ್ಯಾಸದ ವಾಕ್ಯಗಳನ್ನು ಮನೆಗೆ ಬಂದು ನಿಮ್ಮ ಊರಿನ, ನಿಮ್ಮ ಮನೆಯ ಕನ್ನಡಕ್ಕೆ ತಿರುಗಿಸಿಕೊಂಡು ಮಾಡಿಸಿ. ಗ್ರಂಥದ ಕನ್ನಡ ಬೇಕಿಲ್ಲ.